ಘಾಟಿ ಹತ್ತಿದ್ರೆ ಆಗುಂಬೆ

ಉಡುಪಿಯಲ್ಲಿ ಬಿಸಿಲಿದ್ರೂ ಹೆಬ್ರಿ, ಸೋಮೇಶ್ವರ ದಾಟಿ 14 ತಿರುವಿನ ಘಾಟಿ ಹತ್ತುವಾಗ ಮಳೆ ಶುರುವಾಗಿರ್ತದೆ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಸುರೀತದೆ, ಅರಬ್ಬಿ ಸಮುದ್ರದ ಮೋಡಕ್ಕೆ ಘಟ್ಟವೇ ಅಡ್ಡ ನಿಂತಿದೆ ಅಲ್ವಾ. ಊರು ಸಣ್ಣದು, ತೀರ್ಥಹಳ್ಳಿ ತಾಲೂಕು. ಕಳೆದ ಜುಲೈಯಲ್ಲಿ ನಾವು ಉಳಿದ ಮನೆಯ ಅಮ್ಮ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿ ಕೊಟ್ರು, ಉಡುಪಿಗೆ ಬಂದ್ಮೇಲೂ ನನ್ನ ಅಂಗಿಯಲ್ಲಿ ಆ ಹೊಗೆ ವಾಸನೆ ಇತ್ತು, ತೊಳೀಲಿಕ್ಕೇ ಮನಸ್ಸಾಗ್ಲಿಲ್ಲ.

ಕಾಳಿಂಗ ಸರ್ಪದ ಊರಿದು. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ರು. ಹೆಣ್ಣು ಕಾಳಿಂಗ ತರಗೆಲೆ ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆ ಕಾಯ್ತದೆ, ಹಾವುಗಳಲ್ಲಿ ಇದು ತುಂಬಾ ಅಪರೂಪ. ಹಿತ್ತಲಿಗೆ ಬಂದ್ರೆ ಏನ್ ಮಾಡ್ತೀರಿ ಅಂತ ಅಮ್ಮನ ಹತ್ರ ಕೇಳಿದೆ. "ನಾವು ಬಾಗಿಲು ಹಾಕ್ಕೊಳ್ತೇವೆ ಮಾರಾಯ್ರೆ, ಅದು ಅದ್ರ ಪಾಡಿಗೆ ಹೋಗ್ತದೆ."