ಹಲಸೂರು ಕೆರೆಯ ದ್ವೀಪ ನೋಡಲು ಹೋಗುವವರಿಗೆ

ಐದನೇ ಕ್ಲಾಸಿನ ಮಗಳು ಪಾಠದಲ್ಲಿ ಬಂದಿದ್ದ ದ್ವೀಪವನ್ನು ಬಾಯಿಪಾಠ ಮಾಡುತ್ತಿದ್ದಳು. 'ಬೆಂಗಳೂರಲ್ಲೇ ಒಂದು ತೋರಿಸ್ತೀನಿ ಬಾ' ಅಂದೆ. ತುಮಕೂರು ಕಡೆಯ ಹಳ್ಳಿಯಿಂದ ಅಪ್ಪನೂ ಬಂದಿದ್ದರು. ಮೂವರೂ ಶನಿವಾರ ಬೆಳಿಗ್ಗೆ ವಿಜಯನಗರದಲ್ಲಿ ಮೆಟ್ರೊ ಹತ್ತಿದೆವು.

ನೇರಳೆ ಮಾರ್ಗದ ರೈಲು ಸೀದಾ ಹಲಸೂರಿಗೆ ಬಿಡುತ್ತದೆ. ಹಸಿರು ಮಾರ್ಗದವರು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು. ಭಾನುವಾರ ಮೊದಲ ರೈಲು ತಡವಾಗಿ ಹೊರಡುವುದರಿಂದ ಹಕ್ಕಿ ನೋಡುವ ಆಸೆ ಇದ್ದವರಿಗೆ ಶನಿವಾರವೇ ಒಳ್ಳೆಯದು. ಆಟೊದಲ್ಲಿ ಬರುವವರು 'ಹಲಸೂರು ಕೆರೆ' ಎಂದು ಬಿಡಿಸಿ ಹೇಳಿ. 'ಹಲಸೂರು ಗೇಟ್' ಎಂದರೆ ಕಾರ್ಪೊರೇಷನ್ ಹತ್ತಿರದ ಬೇರೆಯೇ ಜಾಗ. ಹಳೆಯ ಪೇಟೆಗೆ ಕೋಟೆಗೋಡೆ ಇದ್ದ ಕಾಲದಲ್ಲಿ ಹಲಸೂರಿನ ದಿಕ್ಕಿಗಿದ್ದ ಬಾಗಿಲು ಅದು. ಬಾಗಿಲು ಹೋಗಿ ಹೆಸರು ಉಳಿದಿದೆ.

ಸ್ಟೇಷನ್ನಿನಿಂದ ಕೆರೆಗೆ ನಿಧಾನವಾಗಿ ನಡೆದರೂ ಇಪ್ಪತ್ತು ನಿಮಿಷ ಸಾಕು. ಆದರೆ ದಾರಿಯಲ್ಲಿ ಸೋಮೇಶ್ವರ ದೇವಸ್ಥಾನ ಬಿಟ್ಟು ಹೋಗಬೇಡಿ. ವಿಜಯನಗರ ಕಾಲದ ಕೆಲಸ, ಎತ್ತರದ ರಾಜಗೋಪುರ. ಗೋಡೆಯ ಮೇಲೆ ಕೈಲಾಸ ಎತ್ತುತ್ತಿರುವ ರಾವಣನನ್ನು ಮಕ್ಕಳಿಂದಲೇ ಹುಡುಕಿಸಿ.

ಕೆರೆಯ ವಿಷಯಕ್ಕೆ ಬರುತ್ತೇನೆ. ದೋಣಿ ಇದ್ದೇ ಇರುತ್ತದೆ ಎಂದು ಮಕ್ಕಳಿಗೆ ಮಾತು ಕೊಟ್ಟು ಕರೆದುಕೊಂಡು ಹೋಗಬೇಡಿ. ದೋಣಿವಿಹಾರ ಒಮ್ಮೆ ನಡೆಯುತ್ತದೆ, ಒಮ್ಮೆ ನಿಂತಿರುತ್ತದೆ. ನಾವು ಹೋದ ದಿನ ನಿಂತಿತ್ತು, ಮಗಳ ಮುಖ ಸಪ್ಪಗಾಯಿತು. ಬೈನಾಕ್ಯುಲರ್ ತಂದಿದ್ದು ನಮ್ಮ ಪುಣ್ಯ. ದಡದಿಂದ ನೋಡಿದರೆ ದ್ವೀಪಗಳು ಬರೀ ಹಸಿರು ಮುದ್ದೆ. ಬೈನಾಕ್ಯುಲರ್ ಹಿಡಿದ ಮೇಲೆ ಒಂದೊಂದು ಕೊಂಬೆಗೂ ಜೀವ ಬಂತು: ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುವ ನೀರುಕಾಗೆಗಳು, ನೀರಂಚಿನಲ್ಲಿ ಬೆಳ್ಳಕ್ಕಿ, ಮೇಲೆ ಸುತ್ತುವ ಹದ್ದುಗಳು. ಸ್ವಲ್ಪ ಹೊತ್ತಿಗೆ ಎರಡು ಹೆಜ್ಜಾರ್ಲೆಗಳು ವಿಮಾನದಂತೆ ನೀರಿಗಿಳಿದವು. ಮಗಳು ದೋಣಿ ಮರೆತಳು. ಮುಂದೆ ನಿಮಗೆ ದೋಣಿ ಸಿಕ್ಕರೂ ದ್ವೀಪದ ಮೇಲೆ ಕಾಲಿಡುವ ಆಸೆ ಬೇಡ. ಇಷ್ಟು ದೊಡ್ಡ ಊರಿನಲ್ಲಿ ನಾಯಿಯೂ ಮನುಷ್ಯನೂ ಮುಟ್ಟದ ಜಾಗ ಆ ಹಕ್ಕಿಗಳಿಗೆ ಎಷ್ಟಿದೆ ಹೇಳಿ.

'ಈ ದ್ವೀಪ ಹೇಗೆ ಬಂತು?' ಎಂದು ಮಗಳು ಕೇಳಿದಾಗ ಉತ್ತರ ಕೊಟ್ಟಿದ್ದು ನಾನಲ್ಲ, ಅಪ್ಪ. 'ಮೊದ್ಲು ಏರಿ ಎಲ್ಲಿದೆ ನೋಡವ್ವ. ಏರಿ ಕಟ್ಟಿದ್ರೆ ನೀರು ನಿಲ್ಲುತ್ತೆ, ನೀರು ನಿಂತ್ರೆ ದಿಬ್ಬ ದ್ವೀಪ ಆಗುತ್ತೆ. ಏರಿ ಒಡೆದ್ರೆ ಅದೂ ಬರೀ ದಿಬ್ಬ.' ಪಾಠಪುಸ್ತಕಕ್ಕಿಂತ ಇದು ನನಗೆ ಹಿಡಿಸಿತು. ಬೆಂಗಳೂರಿಗೆ ದೊಡ್ಡ ಹೊಳೆ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು ಇದು. ಪಡುವಣಕ್ಕೆ ಬಿದ್ದ ಮಳೆ ಅರ್ಕಾವತಿಯ ಕಡೆಗೆ, ಮೂಡಣಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಕಡೆಗೆ. ನಡುವೆ ಹರಿದು ಹೋಗುವ ನೀರಿಗೆ ಅಡ್ಡ ಏರಿ ಹಾಕಿ ನಮ್ಮ ಹಿರಿಯರು ಕೆರೆಯ ಸರಪಳಿ ಕಟ್ಟಿದರು. ಹಲಸೂರು ಕೆರೆಯನ್ನು ಇಮ್ಮಡಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುತ್ತಾರೆ. 1809ರಲ್ಲಿ ಬ್ರಿಟಿಷರು ದಂಡು ಹೂಡಲು ಹಲಸೂರಿನ ಸುತ್ತಮುತ್ತಲನ್ನೇ ಆರಿಸಿಕೊಂಡರು. 19ನೇ ಶತಮಾನದ ಕೊನೆಗೆ ಹೆಸರಘಟ್ಟದ ಕೊಳವೆ ನೀರು ಬರುವ ತನಕ ಪೇಟೆಗೂ ದಂಡಿಗೂ ಕೆರೆ, ಬಾವಿಗಳೇ ಗತಿ.

ಸೇನೆ ಇಂದಿಗೂ ಇಲ್ಲೇ ಇದೆ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಆವರಣ ದಡಕ್ಕೆ ತಗುಲಿಕೊಂಡಿದೆ. ಊರಿನ ಎಲ್ಲೆಯ ಗುರುತೆನ್ನುವ ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಒಂದು ಈ ಭಾಗದಲ್ಲೇ ಇದ್ದರೂ ಸೇನೆಯ ಜಾಗಕ್ಕೆ ಹೇಳದೆ ಕೇಳದೆ ನುಗ್ಗುವಂತಿಲ್ಲ, ಆ ಕಡೆಗೆ ಕ್ಯಾಮೆರಾ ತಿರುಗಿಸಲೂಬೇಡಿ. ಗೋಪುರ ನೋಡಲೇಬೇಕೆಂದರೆ ಲಾಲ್‌ಬಾಗ್ ಬಂಡೆಯ ಮೇಲಿನದು ಸುಲಭ. ಕೆರೆಯ ಹತ್ತಿರ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಇದೆ. ಕನ್ನಡ-ತಮಿಳು ತಕರಾರಿನಿಂದ 18 ವರ್ಷ ಮುಸುಕಿನಲ್ಲಿದ್ದ ಅದು ಅನಾವರಣವಾದದ್ದು 2009ರ ಆಗಸ್ಟ್‌ನಲ್ಲಿ. ಅದೇ ವಾರ ಚೆನ್ನೈನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯೂ ಅನಾವರಣವಾಯಿತು.

ಯಾವಾಗ ಹೋಗಬೇಕು? ಮಳೆ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ. ಬೇಸಿಗೆಯಲ್ಲಿ ನೀರು ಇಳಿದು ವಾಸನೆ ಬರುತ್ತದೆ. 2016ರ ಮಾರ್ಚ್‌ನಲ್ಲಿ ಇಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದವು. ಚರಂಡಿ ನೀರು ಸೇರಿ ಕೆರೆಯಲ್ಲಿ ಉಸಿರಾಟಕ್ಕೆ ಬೇಕಾದ ಆಮ್ಲಜನಕವೇ ಕುಸಿದರೆ ಮೀನು ಬದುಕುವುದು ಹೇಗೆ? ಗಣೇಶನ ಹಬ್ಬದ ದಿನಗಳಲ್ಲಂತೂ ಮೂರ್ತಿ ಬಿಡುವ ಕಲ್ಯಾಣಿಯ ಸುತ್ತ ವಿಪರೀತ ಜನ, ಹಕ್ಕಿ ನೋಡಲು ಬಂದವರಿಗೆ ಅದು ಹೊತ್ತಲ್ಲ. ನೀರಿನ ಬಾಟಲಿ, ಟೋಪಿ ಇರಲಿ. ವಯಸ್ಸಾದವರು ಜೊತೆಗಿದ್ದರೆ ಪೂರ್ತಿ ಸುತ್ತು ಹಾಕುವ ಹಟ ಬೇಡ. ಒಂದು ಕಡೆ ಕೂತು ಅರ್ಧ ಗಂಟೆ ದ್ವೀಪವನ್ನೇ ನೋಡಿದರೆ ಹೆಚ್ಚು ಕಾಣುತ್ತದೆ. ಹಕ್ಕಿಗಳಿಗೆ ಬ್ರೆಡ್ಡು, ಕುರುಕಲು ಹಾಕಬೇಡಿ.

ಹೊರಡುವ ಮುಂಚೆ ಅಪ್ಪ ಕೇಳಿದರು: 'ಕೋಡಿ ಬಿದ್ರೆ ನೀರು ಯಾವ್ ಕೆರೆಗೆ ಹೋಗುತ್ತೆ?' ಇಪ್ಪತ್ತು ವರ್ಷದಿಂದ ಈ ಊರಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಮನೆಗೆ ಬಂದು ನಕ್ಷೆ ಹರಡಿಕೊಂಡು ಮೂವರೂ ಬೆರಳಿಟ್ಟು ಹುಡುಕಿದೆವು: ಹಲಸೂರಿನಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು, ಮುಂದೆ ದಕ್ಷಿಣ ಪಿನಾಕಿನಿ, ಕೊನೆಗೆ ತಮಿಳುನಾಡು ದಾಟಿ ಕಡಲೂರಿನ ಹತ್ತಿರ ಸಮುದ್ರ. ಬರುವ ಶನಿವಾರ ಬೆಳ್ಳಂದೂರಿಗೆ ಹೋಗೋಣ ಎಂದು ಅಪ್ಪ ಊರಿಗೆ ಹೊರಡುವುದನ್ನು ಒಂದು ವಾರ ಮುಂದೆ ಹಾಕಿದ್ದಾರೆ.