ವಾರಕ್ಕೊಂದು ಮಾತ್ರೆ ದಿನಕ್ಕೊಂದು ಆದಾಗ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಮೆಡಿಕಲ್‌ನಲ್ಲಿ ಹದಿನಾಲ್ಕು ವರ್ಷದಿಂದ ಫಾರ್ಮಸಿಸ್ಟ್ ಆಗಿದ್ದೇನೆ. ಹೋದ ಮಳೆಗಾಲದಲ್ಲಿ ಆದ ಒಂದು ವಿಷಯ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಮನೆಯ ಹಿರಿಯರಿಗೆ ಮದ್ದು ಪಾರ್ಸೆಲ್‌ನಲ್ಲಿ ತರಿಸುವವರು ದಯವಿಟ್ಟು ಪೂರ್ತಿ ಓದಿ.

ಸಂಜೆ ಹೊತ್ತು, ಜೋರು ಮಳೆ. ಪರಿಚಯದ ಅಕ್ಕ ಒಬ್ಬರು ಬಂದರು. "ಅಣ್ಣ, ಅತ್ತೆಗೆ ಬಾಯಿಹುಣ್ಣು. ಗಂಜಿ ಕೂಡ ಇಳಿಯುವುದಿಲ್ಲ. ಬಿ ಕಾಂಪ್ಲೆಕ್ಸ್ ಕೊಡಿ" ಎಂದರು. ಶೀಟ್ ಕವರಿಗೆ ಹಾಕಿಯೂ ಆಗಿತ್ತು. ಆದರೆ ಗಂಜಿಯೂ ಇಳಿಯದಷ್ಟು ಹುಣ್ಣು ಅಂದರೆ ಸುಮ್ನೆ ಆಗುವುದಲ್ಲ, ಅಲ್ವಾ? ಬೇರೆ ಏನು ಮದ್ದು ತಗೊಳ್ತಾರೆ ಎಂದು ಕೇಳಿದೆ. ಬಿ.ಪಿ.ಯದ್ದು, ಗಂಟುನೋವಿನದ್ದು ಎಂದರು. ಗಂಟುನೋವಿನ ಮದ್ದಿನ ಹೆಸರು ಗೊತ್ತಿರಲಿಲ್ಲ. ಮನೆಗೆ ಫೋನ್ ಮಾಡಿಸಿ ಶೀಟಿನ ಫೋಟೋ ತರಿಸಿದೆ.

ಮೆಥೊಟ್ರೆಕ್ಸೇಟ್, 7.5 ಮಿಲಿಗ್ರಾಂ. ಹತ್ತರ ಶೀಟಿನಲ್ಲಿ ಒಂದೇ ಮಾತ್ರೆ ಉಳಿದಿತ್ತು. "ಶುರು ಮಾಡಿ ಎಷ್ಟು ದಿನ ಆಯ್ತು?" "ಪಾರ್ಸೆಲ್ ಬಂದ ಮೇಲೆ ದಿನಾ ಒಂದು ಕೊಡ್ತಾ ಇದ್ದೇನೆ ಅಣ್ಣ, ಇವತ್ತಿಗೆ ಒಂಬತ್ತು."

ಸಂಧಿವಾತಕ್ಕೆ ಕೊಡುವಾಗ ಈ ಮದ್ದು ವಾರಕ್ಕೆ ಒಂದೇ ದಿನ. ದಿನಾ ತಗೊಂಡರೆ ಮೂಳೆಯ ಮಜ್ಜೆಗೆ ಪೆಟ್ಟು ಬಿದ್ದು ರಕ್ತಕಣಗಳು ಇಳಿಯುತ್ತವೆ, ಜೀವಕ್ಕೇ ಅಪಾಯ. ಬಾಯಿಹುಣ್ಣು ಅದರ ಮೊದಲ ಸೂಚನೆಗಳಲ್ಲಿ ಒಂದು. ಕೂಡಲೇ ಗಾಡಿ ಮಾಡಿ ಮಂಗಳೂರಿಗೆ ಕರಕೊಂಡು ಹೋಗಿ, ಆ ಶೀಟೂ ಜೊತೆಗಿರಲಿ ಎಂದೆ. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ತುಂಬಾ ಕಡಿಮೆ ಇತ್ತು. ಆ ಮದ್ದಿನ ವಿಷ ಇಳಿಸುವ ಲ್ಯೂಕೊವೊರಿನ್ ಇಂಜೆಕ್ಷನ್ ಕೊಟ್ಟರು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು, ಹುಷಾರಾಗಿ ಮನೆಗೆ ಬಂದರು.

ಆ ಅಕ್ಕನನ್ನು ಯಾರೂ ದೂರಬಾರದು. ಮೊದಲು ಅತ್ತೆಯೇ ಮದ್ದು ನೋಡಿಕೊಳ್ಳುತ್ತಿದ್ದರು. ಮಂಗಳೂರಿನ ಅಂಗಡಿಯವರು ಕವರಿನ ಮೇಲೆ 'ಆದಿತ್ಯವಾರ ಮಾತ್ರ' ಎಂದು ಕನ್ನಡದಲ್ಲಿ ಬರೆದು ಕೊಟ್ಟಿದ್ದರು. ಅತ್ತೆಗೆ ಕಣ್ಣಿನ ಆಪರೇಷನ್ ಆದ ಮೇಲೆ ಸೊಸೆ ಕೈಗೆ ಬಂತು. ಗಲ್ಫಿನಲ್ಲಿರುವ ಮಗ ಡಾಕ್ಟರ ಹಳೆಯ ಚೀಟಿಯ ಫೋಟೋ ಹಾಕಿ ಆ್ಯಪ್‌ನಲ್ಲಿ ಆರ್ಡರ್ ಮಾಡಿದ. ಚೀಟಿಗೆ ಎರಡು ವರ್ಷ ಆಗಿತ್ತು. ಪಾರ್ಸೆಲ್‌ನಲ್ಲಿ ಶೀಟೂ ಬಿಲ್ಲೂ ಇತ್ತು, ಹೇಗೆ ತಗೊಳ್ಳಬೇಕು ಎಂದು ಒಂದಕ್ಷರ ಇರಲಿಲ್ಲ. ಫೋನೂ ಬಂದಿರಲಿಲ್ಲ.

ಕಾನೂನು ಇಲ್ಲ ಅಂತಲ್ಲ. 1945ರ ಔಷಧ ನಿಯಮಗಳಲ್ಲಿ 65ನೆಯ ನಿಯಮ ಓದಿ. ಡಾಕ್ಟರು ಮತ್ತೆ ಕೊಡಬಹುದು ಎಂದು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಮದ್ದು. ಕೊಟ್ಟವರು ಅಂಗಡಿಯ ಹೆಸರು, ವಿಳಾಸ, ತಾರೀಕು ಆ ಚೀಟಿಯ ಮೇಲೆಯೇ ಹಾಕಬೇಕು. ಕಾಗದಕ್ಕಾದರೆ ಸೀಲ್ ಒತ್ತಬಹುದು. ಫೋಟೋಗೆ ಎಲ್ಲಿ ಒತ್ತುವುದು? ಅದೇ ಫೋಟೋವನ್ನು ಇವತ್ತು ಒಂದು ಆ್ಯಪ್‌ಗೆ, ನಾಳೆ ಇನ್ನೊಂದಕ್ಕೆ ಹಾಕಿದರೆ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತೇ ಆಗುವುದಿಲ್ಲ. ನಿದ್ದೆ ಮಾತ್ರೆ, ಚಟ ಹಿಡಿಸಬಲ್ಲ ನೋವಿನ ಮಾತ್ರೆ ಟ್ರಾಮಡಾಲ್‌ನಂಥ ಮದ್ದಿನ ವಿಷಯದಲ್ಲಿ ಇದು ಇನ್ನೂ ಭಯದ ಸಂಗತಿ.

ಆನ್‌ಲೈನ್ ಮಾರಾಟಕ್ಕೆಂದೇ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಕರಡು ನಿಯಮ ಹೊರಡಿಸಿತ್ತು. ಕೇಂದ್ರದಲ್ಲಿ ನೋಂದಣಿ, ತಪಾಸಣೆ, ಗ್ರಾಹಕರ ಪ್ರಶ್ನೆಗೆ ಉತ್ತರಿಸಲು ಫಾರ್ಮಸಿಸ್ಟ್, ಎಲ್ಲವೂ ಅದರಲ್ಲಿತ್ತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟಕ್ಕೆ ತಡೆ ಕೊಟ್ಟಿತು. ಕರಡು ಮಾತ್ರ ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. ನಮ್ಮ ಕೇರಳದಲ್ಲಿ 2024ರಲ್ಲಿ 'ಆಪರೇಷನ್ ಅಮೃತ್' ಶುರುವಾದಾಗ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುತ್ತಾರಾ ಎಂದು ಅಂಗಡಿಗಳಲ್ಲಿ ತಪಾಸಣೆ ಆಯಿತು. ಒಳ್ಳೆಯದೇ, ಅದು ಬೇಕಿತ್ತು. ಮನೆ ಬಾಗಿಲಿಗೆ ಬರುವ ಡಬ್ಬಿಗೂ ಅಂಥದ್ದೇ ಕಣ್ಣು ಬೇಕು.

ಮನೆಗೆ ಮದ್ದು ತಲುಪಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಡಾಕ್ಟರನ್ನೇ ನಂಬಿದ್ದ ಕಾಸರಗೋಡಿನವರು ಪಟ್ಟ ಪಾಡು ನಾನು ಕೌಂಟರಿನಲ್ಲಿ ನಿಂತು ನೋಡಿದ್ದೇನೆ. ಆ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮನೆಗೆ ಮದ್ದು ಕಳಿಸಲು ಅನುಮತಿ ಕೊಟ್ಟಿತು, ಆದರೆ ಅಂಗಡಿಯೂ ರೋಗಿಯೂ ಒಂದೇ ಜಿಲ್ಲೆಯಲ್ಲಿರಬೇಕಿತ್ತು. ದೀರ್ಘಕಾಲದ ಕಾಯಿಲೆಗಾದರೆ ಚೀಟಿ 30 ದಿನದೊಳಗಿನದ್ದು, ಉಳಿದದ್ದಕ್ಕೆ 7 ದಿನದೊಳಗಿನದ್ದು. ಡಾಕ್ಟರು ಒಂದು ರಾಜ್ಯ, ಮನೆ ಇನ್ನೊಂದು ರಾಜ್ಯ ಆಗಿರುವ ನಮಗೆ ಜಿಲ್ಲೆಯ ಗೆರೆ ಕಷ್ಟವೇ. ಆದರೆ ಚೀಟಿಗೆ ಅವಧಿ ಇಟ್ಟದ್ದು ಸರಿ. ಆ ಒಂದು ಮಾತು ಪಾಲಿಸಿದ್ದರೆ ಎರಡು ವರ್ಷ ಹಳೆಯ ಫೋಟೋಗೆ ಮದ್ದು ಬರುತ್ತಿರಲಿಲ್ಲ.

ನಿಯಮ ಮಾಡುವವರಲ್ಲಿ ನನ್ನ ಬೇಡಿಕೆ ಎರಡೇ. ಒಂದು ಚೀಟಿಗೆ ಮದ್ದು ಕೊಟ್ಟದ್ದು ಎಲ್ಲ ಅಂಗಡಿಗೂ ಆ್ಯಪ್‌ಗೂ ಕಾಣಬೇಕು. ಮೆಥೊಟ್ರೆಕ್ಸೇಟ್‌ನಂಥ ಮದ್ದು ಕಳಿಸುವ ಮುಂಚೆ ಫಾರ್ಮಸಿಸ್ಟ್ ಮನೆಯವರಿಗೆ ಫೋನ್ ಮಾಡಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಅದು ಕನ್ನಡವೋ ಮಲಯಾಳವೋ ತುಳುವೋ, ಹೇಗೆ ಕೊಡಬೇಕೆಂದು ಹೇಳಲೇಬೇಕು.

ನನ್ನದೂ ತಪ್ಪಿದೆ. ಪರಿಚಯದವರು ಎಂದು ಹಳೆಯ ಚೀಟಿಗೆ, ತಾರೀಕು ನೋಡದೆ, ಎಷ್ಟೋ ಸಲ ಶೀಟ್ ಕೊಟ್ಟಿದ್ದೇನೆ. ಈಗ ಕೊಡುವುದಿಲ್ಲ. ಡಾಕ್ಟರ ಹತ್ತಿರ ಹೊಸದಾಗಿ ಬರೆಸಿಕೊಂಡು ಬನ್ನಿ ಅಂದರೆ ಕೆಲವರು ಬೇಜಾರಾಗಿ ಬೇರೆ ಕಡೆ ಹೋಗುತ್ತಾರೆ. ಕೊಟ್ಟ ಪ್ರತಿ ಚೀಟಿಗೂ ಸೀಲ್ ಹಾಕುತ್ತೇನೆ. ವಾರಕ್ಕೊಂದರ ಮದ್ದಾದರೆ ಕವರಿನ ಮೇಲೆ ಕೆಂಪು ಪೆನ್ನಿನಲ್ಲಿ ವಾರದ ಹೆಸರು ಬರೆದು, ಅವರ ಬಾಯಿಂದಲೇ ಒಮ್ಮೆ ಓದಿಸಿ, ಆಮೇಲೆ ಕೈಗೆ ಕೊಡುತ್ತೇನೆ. ಆ ಅಕ್ಕನೂ ಈಗ ಯಾವ ಪಾರ್ಸೆಲ್ ಬಂದರೂ ಒಡೆದ ಕೂಡಲೇ ಶೀಟಿನ ಫೋಟೋ ನನಗೆ ಕಳಿಸುತ್ತಾರೆ. ನಮ್ಮ ಅಂಗಡಿಯ ಮದ್ದು ಅಲ್ಲದಿದ್ದರೂ ನೋಡಿ ಹೇಳುತ್ತೇನೆ.