ಹದಿನೇಳು ಅಡಿಯ ಪಾಸ್‌ಪೋರ್ಟ್ ಫೋಟೊ

ದಾವಣಗೆರೆಯ ಅಶೋಕ ರಸ್ತೆಯ ಹತ್ತಿರ ನಾನು ಕೆಲಸ ಮಾಡುವ ಸ್ಟುಡಿಯೊದಲ್ಲಿ ಎಡಿಟಿಂಗಿಗೆ ಇರುವುದು ಒಂದೇ ಕಂಪ್ಯೂಟರ್. ಸಿ ಡ್ರೈವ್ 128 ಜಿಬಿಯ ಎಸ್‌ಎಸ್‌ಡಿ, ಡಿ ಡ್ರೈವ್ 1 ಟಿಬಿ. ಸಿ ತುಂಬುತ್ತಾ ಬಂದಿದೆ ಎಂದು ದೀಪಾವಳಿಯಿಂದ ಹೇಳುತ್ತಲೇ ಇದ್ದೆ. ‘ಓಡುತ್ತಿದೆಯಲ್ಲ, ಓಡಲಿ ಬಿಡು’ ಎನ್ನುವುದು ಮಾಲೀಕರ ಉತ್ತರ. ಡ್ರೋನ್ ಕೊಳ್ಳಲು ಮಾತ್ರ ದುಡ್ಡು ಎಲ್ಲಿಂದಲೋ ಹುಟ್ಟುತ್ತದೆ.

ಲಗ್ನದ ಸೀಸನ್ನಿನ ಒಂದು ಶನಿವಾರ ಸಂಜೆ. 12x36 ಇಂಚಿನ ಕರಿಜ್ಮಾ, ಅಂದರೆ ಮದುವೆಯ ಆಲ್ಬಂ, ಆ ರಾತ್ರಿಯೇ ಲ್ಯಾಬಿಗೆ ಹೋಗಬೇಕಿತ್ತು. ಇಂಚಿಗೆ 300 ಪಿಕ್ಸೆಲ್ ರೆಸಲ್ಯೂಷನ್ನಿನಲ್ಲಿ ಅಂಥ ಒಂದು ಶೀಟ್ 3600x10800 ಪಿಕ್ಸೆಲ್. ಬರೀ ಒಂದು ಲೇಯರಿಗೇ 110 ಎಂಬಿ ದಾಟುತ್ತದೆ. ಅಂಥ ಮೂರು ಶೀಟುಗಳು ತೆರೆದಿದ್ದವು. ಆಗ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಹುಡುಗನ ಅರ್ಜಿಗೆ ಪಾಸ್‌ಪೋರ್ಟ್ ಫೋಟೊ ಬೇಕು, ಜಗಳೂರು ಬಸ್ಸು ತಪ್ಪಬಾರದು. ‘ಕೂತುಕೊಳ್ಳಿ ಅಮ್ಮ, ಐದೇ ನಿಮಿಷ’ ಎಂದೆ.

ಫೋಟೊ ತೆಗೆದೆ, ಫೋಟೊಶಾಪಿಗೆ ಎಳೆದೆ, ಕ್ರಾಪ್ ಒತ್ತಿ ಕಣ್ಣು ಮುಚ್ಚಿಯೂ ಹೊಡೆಯಬಲ್ಲ ಅಂಕಿಗಳನ್ನು ಹೊಡೆದೆ: 413, 531, 300. ಎಂಟರ್.

ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ, ಕೆಲಸ ಮುಗಿಸಲಾಗದು ಎಂಬ ಸಂದೇಶ. ಕೆಲಸದ ನಡುವೆ ಮೆಮೊರಿ ಸಾಲದಾದಾಗ ಫೋಟೊಶಾಪ್ ಬಳಸಿಕೊಳ್ಳುವ ಡ್ರೈವಿಗೆ ಸ್ಕ್ರ್ಯಾಚ್ ಡಿಸ್ಕ್ ಎನ್ನುತ್ತಾರೆ, ನಮ್ಮಲ್ಲಿ ಅದು ಸಿ.

ಆಲ್ಬಂ ಭಾರ ಹೆಚ್ಚಾಯಿತು ಎಂದುಕೊಂಡೆ. ಶೀಟುಗಳನ್ನು ಸೇವ್ ಮಾಡಿ ಮುಚ್ಚಿದೆ, ಫೋಟೊಶಾಪ್ ನೆನಪಿಟ್ಟುಕೊಂಡದ್ದನ್ನೆಲ್ಲ ಖಾಲಿ ಮಾಡುವ ಪರ್ಜ್ ಆಲ್ ಕೊಟ್ಟೆ. ಮತ್ತೆ ಅದೇ ಸಂದೇಶ. ಸಿ ಡ್ರೈವ್ ತೆರೆದರೆ ಕೆಂಪು ಪಟ್ಟಿ, ಉಳಿದದ್ದು 6 ಜಿಬಿ. ಹಿಂದಿನಿಂದ ‘ಇನ್ನೂ ಆಗಲಿಲ್ಲವಾ ಸರ್?’ ಎಂಬ ಪ್ರಶ್ನೆ. ಹುಡುಗ ಹಣೆಗೆ ಅಂಟಿದ ಕೂದಲನ್ನು ಇನ್ನೂ ಬಾಚುತ್ತಲೇ ಇದ್ದ. ನನ್ನ ಕೈ ಬೆವರತೊಡಗಿತು. ಡೆಸ್ಕ್‌ಟಾಪಿನಲ್ಲಿ ‘ರಿಸೆಪ್ಷನ್ ಫೈನಲ್ 2’ ಎಂಬ 4 ಜಿಬಿಯ ಫೋಲ್ಡರ್ ಕಂಡಿತು. ಇದರ ಕಾಪಿ ಡಿಯಲ್ಲಿದೆ ಎಂದು ನನಗೆ ನಾನೇ ಹೇಳಿಕೊಂಡೆ. ರಿಸೈಕಲ್ ಬಿನ್ನಿಗೆ ಹಾಕಿದರೆ ಜಾಗ ಖಾಲಿಯಾಗುವುದಿಲ್ಲವಲ್ಲ, ಅದಕ್ಕೆ ಶಿಫ್ಟ್ ಹಿಡಿದೇ ಡಿಲೀಟ್ ಒತ್ತಿದೆ. ಬುದ್ಧಿವಂತಿಕೆ!

ಮತ್ತೆ ಕ್ರಾಪ್. ಮತ್ತೆ ಅದೇ ಸಂದೇಶ.

ಕೊನೆಗೆ ಫೋಟೊಶಾಪ್ ಮುಚ್ಚಿ, ಕಂಟ್ರೋಲ್ ಮತ್ತು ಆಲ್ಟ್ ಎರಡನ್ನೂ ಒತ್ತಿ ಹಿಡಿದುಕೊಂಡೇ ತೆರೆದೆ. ಹಾಗೆ ತೆರೆದರೆ ಶುರುವಿನಲ್ಲೇ ಸ್ಕ್ರ್ಯಾಚ್ ಡಿಸ್ಕ್ ಯಾವುದು ಎಂದು ಕೇಳುತ್ತದೆ. ಡಿಗೆ ಟಿಕ್ ಹಾಕಿದೆ. ಈ ಸಲ ಸಂದೇಶ ಬರಲಿಲ್ಲ, ನೀಲಿ ಪಟ್ಟಿ ತೆವಳತೊಡಗಿತು. ಒಂದು ಪಾಸ್‌ಪೋರ್ಟ್ ಫೋಟೊಗೆ ನೀಲಿ ಪಟ್ಟಿ! ಆ ತಾಯಿ ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದರು. ಹಾರ್ಡ್ ಡಿಸ್ಕ್ ಕರಕರ ಎನ್ನುತ್ತಿತ್ತು. ಪಟ್ಟಿ ಮುಗಿದಾಗ ಝೂಮ್ ಶೇಕಡಾ ಒಂದರ ಆಸುಪಾಸಿನಲ್ಲಿತ್ತು, ಕೆಳಗಿನ ಮೂಲೆಯಲ್ಲಿ ಫೈಲಿನ ಗಾತ್ರ ಎಂಟೂವರೆ ಜಿಬಿ.

ಲ್ಯಾಮಿನೇಷನ್ ಟೇಬಲ್ಲಿನಿಂದ ನಮ್ಮ ಹೊಸ ಹುಡುಗಿ ಬಗ್ಗಿ ನೋಡಿದಳು. ‘ಅಣ್ಣ, 413 ಸೆಂಟಿಮೀಟರ್ ಎಂದಿದೆಯಲ್ಲ?’

ಬೆಳಿಗ್ಗೆ ಫ್ರೇಮಿನ ಅಳತೆಗೆಂದು ಅವಳು ಯೂನಿಟ್ ಬದಲಿಸಿದ್ದಳು. ನಾನು ಹೊಡೆದದ್ದು ಪಿಕ್ಸೆಲ್ ಲೆಕ್ಕದ ಅಂಕಿ, 3.5x4.5 ಸೆಂ.ಮೀ. ಫೋಟೊಗೆ ಅದು ಸರಿ. ಕಂಪ್ಯೂಟರ್ ಮಾತ್ರ ನಾನು ಹೇಳಿದ್ದನ್ನೇ ನಂಬಿ 13 ಅಡಿ ಅಗಲ, 17 ಅಡಿ ಎತ್ತರದ ಹುಡುಗನನ್ನು ಕಟ್ಟುತ್ತಿತ್ತು. ಚುನಾವಣೆಗೆ ನಿಲ್ಲುವವರಿಗೂ ಅಷ್ಟು ದೊಡ್ಡ ಮುಖ ಬೇಕಾಗುವುದಿಲ್ಲ. ಅವಳ ಮೇಲೆ ರೇಗಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಯೂನಿಟ್ ನನ್ನ ಮೂಗಿನ ಕೆಳಗೇ ಬರೆದಿತ್ತು. ಪಿಕ್ಸೆಲ್‌ಗೆ ಬದಲಿಸಿದ ಮೇಲೆ ಎರಡೇ ನಿಮಿಷದಲ್ಲಿ ಎಂಟು ಪ್ರತಿ ಕತ್ತರಿಸಿ ಕೊಟ್ಟೆ. ಅಮ್ಮ ಓಡಿದರು, ಬಸ್ಸು ಸಿಕ್ಕಿತೋ ಇಲ್ಲವೋ.

ಆಮೇಲೆ ಡಿ ಡ್ರೈವಿನಲ್ಲಿ ರಿಸೆಪ್ಷನ್ ಕಾಪಿ ತೆರೆದೆ. ಅಲ್ಲಿದ್ದದ್ದು ‘ಫೈನಲ್ 1’, ಪಾರ್ಟಿಯವರು, ಅಂದರೆ ಮದುವೆ ಮನೆಯವರು, ಹೇಳಿದ ಕರೆಕ್ಷನ್ ಒಂದೂ ಇರಲಿಲ್ಲ. ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದನ್ನು ಟ್ರಿಮ್ ಎಂಬ ತಾನಾಗಿ ನಡೆಯುವ ವ್ಯವಸ್ಥೆ ಬೇಗನೆ ಗುಡಿಸಿಬಿಡುತ್ತದೆ. ಹೆಸರುಗಳು ಸಿಕ್ಕವು, ಒಳಗೆ ಬರೀ ಸೊನ್ನೆ. ಅದಕ್ಕಿಂತ ಹೊಟ್ಟೆ ಉರಿದದ್ದು ಸಿ ಡ್ರೈವಿನ ಟೆಂಪ್, ಅಂದರೆ ತಾತ್ಕಾಲಿಕ ಫೈಲುಗಳ, ಫೋಲ್ಡರ್ ನೋಡಿದಾಗ. ಹಿಂದಿನ ವಾರ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಿತ್ತು. ಅವತ್ತು ಫೋಟೊಶಾಪ್ ಬಿಟ್ಟುಹೋದ ಎರಡು ಟೆಂಪ್ ಫೈಲುಗಳು ಅಲ್ಲೇ ಕಾಲು ಚಾಚಿ ಮಲಗಿದ್ದವು, ಎರಡೂ ಸೇರಿ 20 ಜಿಬಿಗೂ ಹೆಚ್ಚು. ಅಳಿಸಬೇಕಿದ್ದದ್ದು ಅವನ್ನು.

ಆ ರಾತ್ರಿ ಖಾರ ಮಂಡಕ್ಕಿಯ ಪೊಟ್ಟಣ ಬಿಚ್ಚಿಟ್ಟುಕೊಂಡು, ವಾಟ್ಸ್‌ಆ್ಯಪಿನಲ್ಲಿ ಪಾರ್ಟಿಗೆ ಕಳಿಸಿದ್ದ ಪುಟ್ಟ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುತ್ತಾ ಹನ್ನೊಂದು ಶೀಟುಗಳನ್ನು ಮತ್ತೆ ಕೂಡಿಸಿದೆ. ಮಾಲೀಕರು ಹತ್ತು ಗಂಟೆಗೆ ಬಂದು, ವಿಷಯ ಕೇಳಿ, ‘ಹೊಸ ಎಸ್‌ಎಸ್‌ಡಿ ಎಷ್ಟಾಗುತ್ತದೆ?’ ಎಂದರು. ಹೇಳಿದೆ. ‘ಸೀಸನ್ ಮುಗಿಯಲಿ’ ಎಂದು ಹೊರಟರು.

ಮರುದಿನ ಶೀಟುಗಳನ್ನು ನೋಡಿದ ಮದುಮಗಳ ಅಕ್ಕ ಫೋನ್ ಮಾಡಿದರು: ‘ಚೆನ್ನಾಗಿದೆ ಸರ್. ಆದರೆ ಸ್ಟೇಜಿನ ಶೀಟ್ ಮಾತ್ರ ಮೊದಲು ಕಳಿಸಿದ್ದೇ ಚೆನ್ನಾಗಿತ್ತು, ಅದನ್ನೇ ಹಾಕಿಬಿಡಿ.’